ಟೈಮಿಂಗ್ ಬೆಲ್ಟಿನ ಒಂದು ಹಲ್ಲು

ಮೋಟಾರು ಎಂಜಿನ್ನಿನಲ್ಲಿ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ದಂಡವೂ ಕವಾಟಗಳನ್ನು ತೆರೆಯುವ ಕ್ಯಾಮ್ ದಂಡವೂ ಇರುವುವಷ್ಟೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಮೊದಲನೆಯದು ಎರಡು ಸುತ್ತು ತಿರುಗುವಷ್ಟರಲ್ಲಿ ಎರಡನೆಯದು ಒಂದೇ ಸುತ್ತು ತಿರುಗಬೇಕು. ಈ ನಿಯಮವನ್ನು ಕೆಲವು ಎಂಜಿನ್ನುಗಳಲ್ಲಿ ಸರಪಣಿ ಕಾಯುವುದು. ಮತ್ತೆ ಕೆಲವುಗಳಲ್ಲಿ ಒಳಮೈಗೆ ಹಲ್ಲುಗಳಿರುವ ರಬ್ಬರಿನ ಬೆಲ್ಟು. ಜರ್ಮನಿಯ ಗ್ಲಾಸ್ ಕಂಪನಿಯು 1962ರಲ್ಲಿ ತನ್ನ 1004 ಎಂಬ ಕಾರಿನಲ್ಲಿ ಇಂಥ ಬೆಲ್ಟನ್ನು ಅಳವಡಿಸಿತು.

ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುವುದು. ಅನೇಕ ಎಂಜಿನ್ನುಗಳಲ್ಲಿ ತೆರೆದ ಕವಾಟವೂ ಮೇಲೇರಿದ ಪಿಸ್ಟನ್ನೂ ಒಂದೇ ಎಡೆಯನ್ನು ಸರದಿಯ ಮೇಲೆ ಬಳಸುವುವು. ಓಟದಲ್ಲಿ ಬೆಲ್ಟು ಕಡಿಯಿತೆನ್ನೋಣ. ಕ್ಯಾಮ್ ದಂಡ ನಿಲ್ಲುವುದು, ಕ್ರ್ಯಾಂಕ್ ನಿಲ್ಲದು. ಪಿಸ್ಟನ್ನು ಬಡಿದು ಕವಾಟಗಳು ಬಾಗುವುವು. ರಬ್ಬರು ವಯಸ್ಸಿನಿಂದಲೂ ಕೆಡುವುದರಿಂದ, ತಯಾರಕರು ಬೆಲ್ಟಿಗೆ ಕಿಲೋಮೀಟರುಗಳ ಮಿತಿಯೊಡನೆ ವರ್ಷಗಳ ಮಿತಿಯನ್ನೂ ಹೇಳುವುದುಂಟು.

ಬದಲಾಯಿಸುವ ಕ್ರಮವನ್ನು ನೋಡೋಣ. ಬ್ಯಾಟರಿಯ ತಂತಿಯನ್ನು ಬಿಚ್ಚಿ, ಸಾಮಾನ್ಯವಾಗಿ ಒಂದನೆಯ ಪಿಸ್ಟನ್ನನ್ನು ಒತ್ತುವ ಹೊಡೆತದ ಮೇಲ್ತುದಿಗೆ ತರುವರು. ಆಗ ಎರಡು ಹಲ್ಲುಗಾಲಿಗಳ ಗುರುತುಗಳೂ ಎಂಜಿನ್ನಿನ ಮೈಮೇಲಿನ ಗುರುತುಗಳಿಗೆ ಎದುರಾಗಿ ನಿಲ್ಲುವುವು. ಬಿಗಿಯುವ ಗಾಲಿಯನ್ನು ಸಡಿಲಿಸಿ ಹಳೆಯ ಬೆಲ್ಟನ್ನು ತೆಗೆದ ಮೇಲೆ ಯಾವ ದಂಡವನ್ನೂ ಅಲುಗಿಸಕೂಡದು. ಹೊಸ ಬೆಲ್ಟನ್ನು ಮಡಿಸಲೂಬಾರದು; ಅದರೊಳಗಿನ ಗಾಜಿನ ಎಳೆಗಳು ಎಳೆತವನ್ನು ತಡೆಯುವುವೇ ಹೊರತು ಮಡಿಕೆಯನ್ನಲ್ಲ. ಬೆಲ್ಟನ್ನು ಕ್ರ್ಯಾಂಕಿನ ಗಾಲಿಯಿಂದ ಮೊದಲುಮಾಡಿ, ಬಿಗಿಯುವ ಗಾಲಿ ಇಲ್ಲದ ಮಗ್ಗುಲಲ್ಲಿ ಸಡಿಲು ಉಳಿಯದಂತೆ ತೊಡಿಸಿ, ಕೊನೆಗೆ ಬಿಗಿಗೊಳಿಸಬೇಕು. ಆ ಮಗ್ಗುಲಲ್ಲಿ ಸಡಿಲು ಉಳಿದರೆ, ಬಿಗಿದಾಗ ಗಾಲಿ ಸರಿದು ಗುರುತು ತಪ್ಪುವುದು.

ಎಷ್ಟು ತಪ್ಪೀತು? ಕ್ಯಾಮಿನ ಗಾಲಿಗೆ 40 ಹಲ್ಲು, ಕ್ರ್ಯಾಂಕಿನದಕ್ಕೆ 20 ಎನ್ನೋಣ. ಒಂದು ಹಲ್ಲು ಜಾರಿದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಕಣ್ಣಿಗೆ ಅಲ್ಪವೆನಿಸುವ ಈ ಅಂತರದಿಂದ ಎಂಜಿನ್ನಿನ ಶಕ್ತಿ ಕುಂದುವುದು. ಎಡೆ ಕಿರಿದಾಗಿದ್ದರೆ ಕವಾಟ ಬಡಿಯಲೂಬಹುದು. ಆದುದರಿಂದಲೇ ಸ್ಟಾರ್ಟರನ್ನು ಮುಟ್ಟುವ ಮೊದಲು ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಮೆಲ್ಲನೆ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡುವರು. ನಡುವೆ ತಡೆ ತೋರಿದರೆ ಬಲವನ್ನು ಪ್ರಯೋಗಿಸದೆ ಅಲ್ಲಿಯೇ ನಿಲ್ಲಿಸಬೇಕು.

ಈ ಎರಡು ಸುತ್ತಿನ ತರುವಾಯ ಗಾಲಿಗಳ ಗುರುತುಗಳು ಸೇರಿದರೂ, ಕೆಲವು ಬೆಲ್ಟುಗಳ ಮೇಲೆ ಬಳಿದಿರುವ ಬಣ್ಣದ ಗೆರೆಗಳು ಸೇರವು. ಹೊಸಬರು ಇದನ್ನು ಕಂಡು ಗಾಬರಿಗೊಳ್ಳುವುದುಂಟು. ಬೆಲ್ಟಿಗೆ 121 ಹಲ್ಲುಗಳಿದ್ದರೆ, ಎರಡು ಸುತ್ತಿನಲ್ಲಿ ಅದು ಮುಂದೆ ಸಾಗುವುದು 40 ಹಲ್ಲು ಮಾತ್ರ. 40ಕ್ಕೂ 121ಕ್ಕೂ ಸಾಮಾನ್ಯ ಅಪವರ್ತನವಿಲ್ಲದ ಕಾರಣ, ಗೆರೆ, ಗಾಲಿಗಳೆಲ್ಲ ಮೊದಲಿನ ನೆಲೆಗೆ ಒಟ್ಟಾಗಿ ಬರಲು ಕ್ರ್ಯಾಂಕು 242 ಸುತ್ತು ತಿರುಗಬೇಕು.