ಧ್ರುವ ಸಮುದ್ರದ ಶಾಖ-ದಾಸ್ತಾನು: ಧ್ವನಿಯ ಮೂಲಕ ಎಣಿಕೆ

ದಾಸ್ತಾನಿನ ಎಣಿಕೆ ವ್ಯಾಪಾರಸ್ಥನಿಗೆ ಹೊಸದಲ್ಲ. ವರ್ಷಾಂತ್ಯದಲ್ಲಿ ಗೋದಾಮಿನ ಬಾಗಿಲು ತೆರೆದು, ಚೀಲಗಳನ್ನು ಎಣಿಸಿ, ಪುಸ್ತಕದ ಅಂಕಿಯೊಡನೆ ತಾಳೆ ನೋಡದ ಹೊರತು ಲಾಭ-ನಷ್ಟದ ಲೆಕ್ಕ ಪೂರ್ಣವಾಗುವುದಿಲ್ಲ. ಆದರೆ ಬಾಗಿಲೇ ಇಲ್ಲದ, ಮೇಲೆ ಮಂಜುಗಡ್ಡೆಯ ಮುಚ್ಚಳವಿರುವ, ಸಾವಿರಾರು ಮೀಟರ್ ಆಳದ ಗೋದಾಮನ್ನು ಎಣಿಸುವುದು ಹೇಗೆ? ಉತ್ತರ ಧ್ರುವದ ಆರ್ಕ್ಟಿಕ್ ಸಾಗರದಲ್ಲಿ ಸಂಗ್ರಹವಾಗಿರುವ ಶಾಖವನ್ನು ಅಳೆಯಹೊರಟ ವಿಜ್ಞಾನಿಗಳು ಎದುರಿಸಿದ ಪ್ರಶ್ನೆ ಇದೇ. ಅವರು ಆರಿಸಿಕೊಂಡ ಮುಖ್ಯ ಸಾಧನಗಳಲ್ಲಿ ಒಂದು ಧ್ವನಿ.

ನಮ್ಮ ಪೇಟೆಗೆ ಇದರ ಸಂಬಂಧವೇನು?

ಬಸವಕಲ್ಯಾಣ ಹಾಗೂ ಹುಮನಾಬಾದ್ ಮಾರುಕಟ್ಟೆಗಳ ವಹಿವಾಟು ಬಹುಮಟ್ಟಿಗೆ ಮುಂಗಾರನ್ನೇ ಅವಲಂಬಿಸಿದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೆಸರು ಮತ್ತು ಉದ್ದು, ಅದರ ಹಿಂದೆಯೇ ಸೋಯಾಬೀನ್, ಚಳಿಗಾಲದಲ್ಲಿ ತೊಗರಿ ಆವಕವಾಗುತ್ತವೆ. ಬಿತ್ತನೆಗೆ ಮಳೆ ಬಾರದಿದ್ದರೆ ಎಷ್ಟು ನಷ್ಟವೋ, ಕಟಾವಿನ ಹೊತ್ತಿಗೆ ಬಿಡದೆ ಸುರಿದರೂ ಅಷ್ಟೇ ನಷ್ಟ. ಬಣ್ಣಗೆಟ್ಟ, ತೇವ ಹಿಡಿದ ಕಾಳಿಗೆ ದರವಿಲ್ಲ. ದರವಿಲ್ಲದ ವರ್ಷ ಅಡತಿ ಅಂಗಡಿಯಿಂದ ಹಿಡಿದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರೆಗೆ ಉದ್ರಿ ವಸೂಲಾಗುವುದಿಲ್ಲ.

ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನೊಳಗೊಂಡ ತಂಡವೊಂದು 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾಗುವುದಕ್ಕೂ, ಮಧ್ಯ ಭಾರತದಲ್ಲಿ ಮುಂಗಾರಿನ ಕೊನೆಯ ಭಾಗದಲ್ಲಿ, ಅಂದರೆ ಸೆಪ್ಟೆಂಬರ್‌ನಲ್ಲಿ, ಅತಿವೃಷ್ಟಿಯಾಗುವುದಕ್ಕೂ ಸಂಬಂಧವಿರಬಹುದೆಂದು ಅದು ಸೂಚಿಸಿತು. ಇದು ಸಿದ್ಧಪಟ್ಟ ನಿಯಮವಲ್ಲ. ಮುಂಗಾರನ್ನು ಎಲ್ ನಿನೊ ಮೊದಲಾದ ಅನೇಕ ಶಕ್ತಿಗಳು ನಿಯಂತ್ರಿಸುತ್ತವೆ. ಆದರೂ ಆ ಮಂಜುಗಡ್ಡೆಯ ಕೆಳಗೆ ಎಷ್ಟು ಶಾಖವಿದೆ, ಅದು ಹೇಗೆ ಮೇಲೇರುತ್ತದೆ ಎಂಬುದು ನಮಗೆ ಸಂಬಂಧಪಡದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ.

ತಲೆಕೆಳಗಾದ ಪದರಗಳು

ಬಸವಕಲ್ಯಾಣದ ತ್ರಿಪುರಾಂತಕ ಕೆರೆಯಂಥ ನೀರಿನಲ್ಲಿ ಬೇಸಿಗೆಯಲ್ಲಿ ಇಳಿದವರಿಗೆ ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ ಎಂಬ ಅನುಭವವಿರುತ್ತದೆ. ಆರ್ಕ್ಟಿಕ್‌ನಲ್ಲಿ ಇದು ತಿರುವುಮುರುವು. ಅಲ್ಲಿ ಮೇಲಿನ ಪದರ ಘನೀಭವಿಸುವ ಮಟ್ಟದ ತಣ್ಣೀರು. ಅದರ ಕೆಳಗೆ, ಸುಮಾರು 150ರಿಂದ 900 ಮೀಟರ್ ಆಳದಲ್ಲಿ, ಅಟ್ಲಾಂಟಿಕ್‌ನಿಂದ ಹರಿದು ಬಂದ, ಸೊನ್ನೆ ಡಿಗ್ರಿಗಿಂತ ಬೆಚ್ಚಗಿನ ನೀರಿದೆ.

ಬೆಚ್ಚಗಿನ ನೀರು ಮೇಲೇಳದೆ ಕೆಳಗೇ ನಿಲ್ಲಲು ಕಾರಣ ಉಪ್ಪು. ಅತಿ ತಣ್ಣನೆಯ ನೀರಿನ ಸಾಂದ್ರತೆಯನ್ನು ನಿರ್ಧರಿಸುವುದು ಉಷ್ಣತೆಗಿಂತ ಹೆಚ್ಚಾಗಿ ಲವಣಾಂಶ. ನದಿಗಳ ನೀರು ಮತ್ತು ಕರಗಿದ ಮಂಜು ಸೇರಿದ ಮೇಲ್ಪದರ ಸಪ್ಪೆ, ಆದ್ದರಿಂದ ಹಗುರ. ಅಟ್ಲಾಂಟಿಕ್‌ನ ನೀರು ಉಪ್ಪು, ಆದ್ದರಿಂದ ಭಾರ. ಇವೆರಡರ ನಡುವೆ ಲವಣಾಂಶ ಬೇಗ ಬೇಗ ಏರುವ ಪದರವೊಂದು ತಡೆಗೋಡೆಯಂತೆ ನಿಂತಿದೆ. ಕೆಳಗಿನ ಶಾಖ ಪೂರ್ತಿಯಾಗಿ ಮೇಲೆ ಬಂದರೆ ಆರ್ಕ್ಟಿಕ್‌ನ ಸಮುದ್ರ-ಮಂಜನ್ನೆಲ್ಲ ಕರಗಿಸಲು ಸಾಲುತ್ತದೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಅಢಾವೆ ಪತ್ರಿಕೆಯಲ್ಲಿ ಕಾಣದ, ಆದರೆ ಎಂದಾದರೂ ತಲೆಯ ಮೇಲೆ ಬರಬಹುದಾದ ಸಂಭಾವ್ಯ ಹೊಣೆ. ಯುರೇಷ್ಯಾದ ಬದಿಯ ಆರ್ಕ್ಟಿಕ್‌ನಲ್ಲಿ ಈ ತಡೆಪದರ ದುರ್ಬಲವಾಗುತ್ತಿದೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಧ್ವನಿಯೇ ಏಕೆ?

ಉಪಗ್ರಹ ಸಮುದ್ರದ ಮೇಲ್ಮೈಯನ್ನಷ್ಟೇ ನೋಡಬಲ್ಲದು. ಬೆಳಕಾಗಲಿ ರೇಡಿಯೋ ತರಂಗವಾಗಲಿ ಉಪ್ಪುನೀರಿನಲ್ಲಿ ಬಹುದೂರ ಸಾಗವು. ಹಡಗಿನಿಂದ ಉಷ್ಣಮಾಪಕವನ್ನು ಇಳಿಸುವುದು ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು ನೋಡಿದಂತೆ. ಆ ಒಂದು ಜಾಗದ ವಿಷಯ ಮಾತ್ರ ತಿಳಿಯುತ್ತದೆ. ಧ್ವನಿಯಾದರೋ ನೀರಿನಲ್ಲಿ ಸಾವಿರಾರು ಕಿಲೋಮೀಟರ್ ಸಾಗಿ, ತಾನು ಹಾದುಬಂದ ದಾರಿಯ ಸರಾಸರಿಯನ್ನು ತಿಳಿಸುತ್ತದೆ.

1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ಗಂಟೆಯನ್ನು ಮುಳುಗಿಸಿ ಬಾರಿಸಿ, 8 ಡಿಗ್ರಿ ಉಷ್ಣತೆಯ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ 1,435 ಮೀಟರ್ ಎಂದು ಕಂಡುಹಿಡಿದರು. ಗಾಳಿಯಲ್ಲಿ ಇದು ಸುಮಾರು 340 ಮೀಟರ್ ಮಾತ್ರ. ಮುಖ್ಯ ಸಂಗತಿಯೆಂದರೆ, ನೀರು ಬೆಚ್ಚಗಾದಷ್ಟೂ ಧ್ವನಿ ವೇಗವಾಗಿ ಸಾಗುತ್ತದೆ. ತಣ್ಣನೆಯ ಸಮುದ್ರದಲ್ಲಿ ಒಂದು ಡಿಗ್ರಿ ಏರಿದರೆ ವೇಗ ಸೆಕೆಂಡಿಗೆ ಸುಮಾರು 4.5 ಮೀಟರ್ ಹೆಚ್ಚುತ್ತದೆ.

ಒಂದು ಲೆಕ್ಕ

ದೂರ 1,000 ಕಿ.ಮೀ., ವೇಗ ಸೆಕೆಂಡಿಗೆ 1,450 ಮೀಟರ್ ಎಂದಿಟ್ಟುಕೊಂಡರೆ:

ಪ್ರಯಾಣ ಕಾಲ: 10,00,000 ÷ 1,450 = ಸುಮಾರು 689.7 ಸೆಕೆಂಡು.
ನೀರು 1 ಡಿಗ್ರಿ ಬೆಚ್ಚಗಾದಾಗ: 10,00,000 ÷ 1,454.5 = ಸುಮಾರು 687.5 ಸೆಕೆಂಡು.
ವ್ಯತ್ಯಾಸ: ಸುಮಾರು 2 ಸೆಕೆಂಡು.

ಹತ್ತನೇ ಒಂದು ಡಿಗ್ರಿಯ ಬದಲಾವಣೆಗೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ವ್ಯತ್ಯಾಸ ದೊರೆಯುತ್ತದೆ. ಇಂದಿನ ಗಡಿಯಾರಗಳಿಗೆ ಇದು ಕಷ್ಟದ ಅಳತೆಯಲ್ಲ. ಆರಂಭಿಕ ದಾಸ್ತಾನು ಮತ್ತು ಅಂತಿಮ ದಾಸ್ತಾನುಗಳ ವ್ಯತ್ಯಾಸ ಹೀಗೆ ಸಮಯದ ರೂಪದಲ್ಲಿ ಕೈಗೆ ಸಿಗುತ್ತದೆ.

ಕ್ಷೇತ್ರದಲ್ಲಿ ನಡೆದ ಪ್ರಯೋಗಗಳು

ಸಾಗರವನ್ನು ಧ್ವನಿಯಿಂದ ಹೀಗೆ ಪರೀಕ್ಷಿಸುವ ಪದ್ಧತಿಯನ್ನು 1979ರಲ್ಲಿ ವಾಲ್ಟರ್ ಮಂಕ್ ಮತ್ತು ಕಾರ್ಲ್ ವುನ್ಷ್ ಪ್ರತಿಪಾದಿಸಿದರು. 1994ರ ಏಪ್ರಿಲ್‌ನಲ್ಲಿ ಆರ್ಕ್ಟಿಕ್‌ನ ಮಂಜುಗಡ್ಡೆಯ ಕೆಳಗೆ, ಸೆಕೆಂಡಿಗೆ ಸುಮಾರು 20 ಕಂಪನಗಳ ಅತಿ ಗಡಸು ಧ್ವನಿಯನ್ನು ಸಾಗರದ ಒಂದು ಬದಿಯಿಂದ ಇನ್ನೊಂದು ಬದಿಗೆ ಕಳುಹಿಸಲಾಯಿತು. ಹಳೆಯ ದಾಖಲೆಗಳ ಪ್ರಕಾರ ತಲುಪಬೇಕಾಗಿದ್ದ ಸಮಯಕ್ಕಿಂತ ಸುಮಾರು 2 ಸೆಕೆಂಡು ಮೊದಲೇ ಅದು ತಲುಪಿತು. ಅಟ್ಲಾಂಟಿಕ್ ನೀರಿನ ಪದರ ಸುಮಾರು 0.4 ಡಿಗ್ರಿ ಬೆಚ್ಚಗಾಗಿದೆಯೆಂದು ಇದರಿಂದ ನಿರ್ಣಯಿಸಲಾಯಿತು. 2019-20ರಲ್ಲಿ ನಾರ್ವೆ ಮತ್ತು ಅಮೆರಿಕದ ವಿಜ್ಞಾನಿಗಳು ಇಂಥದೇ ಪ್ರಯೋಗವನ್ನು ಮತ್ತೆ ನಡೆಸಿದರು.

ದಾಸ್ತಾನು ತಿಳಿದರೆ ಸಾಲದು, ಜಾವಕವೂ ತಿಳಿಯಬೇಕು. ಬೆಚ್ಚಗಿನ ಪದರದಿಂದ ಶಾಖ ಮೇಲೇರುವ ಜಾಗಗಳಲ್ಲಿ ನೀರು ಮೆಟ್ಟಿಲುಗಳಂತೆ ತೆಳು ಪದರಗಳಾಗಿ ನಿಲ್ಲುವುದುಂಟು. ಶಾಖವು ಉಪ್ಪಿಗಿಂತ ಬೇಗ ಹರಡುವುದೇ ಇದಕ್ಕೆ ಕಾರಣ. 2016ರಲ್ಲಿ ಸ್ವೀಡನ್ನಿನ ‘ಓಡೆನ್’ ಎಂಬ ಮಂಜು ಒಡೆಯುವ ಹಡಗಿನಿಂದ ವಿಜ್ಞಾನಿಗಳು ಪ್ರತಿಧ್ವನಿ ಯಂತ್ರದ ಮೂಲಕ ಈ ಮೆಟ್ಟಿಲುಗಳನ್ನು ನೇರವಾಗಿ ಚಿತ್ರಿಸಿದರು. ಮೆಟ್ಟಿಲುಗಳು ಸುಸ್ಥಿತಿಯಲ್ಲಿರುವಾಗ ಶಾಖ ನಿಧಾನವಾಗಿ ಸೋರುತ್ತದೆ. ಅಲೆ-ಸುಳಿಗಳಿಂದ ಅವು ಒಡೆದರೆ ಸೋರಿಕೆ ಹೆಚ್ಚುತ್ತದೆ.

ಭಾರತದ ಪಾತ್ರ

ಬೀದರ್ ಜಿಲ್ಲೆಯಿಂದ ಸುಮಾರು 7,500 ಕಿ.ಮೀ. ದೂರದ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ನೈ-ಓಲೆಸುಂಡ್‌ನಲ್ಲಿ 2008ರಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರ ಆರಂಭವಾಯಿತು. 2014ರ ಜುಲೈನಲ್ಲಿ ಅದರ ಬಳಿಯ ಕಾಂಗ್ಸ್‌ಫ್ಯೋರ್ಡೆನ್ ಕೊಲ್ಲಿಯಲ್ಲಿ, 192 ಮೀಟರ್ ಆಳದಲ್ಲಿ, ‘ಇಂಡ್‌ಆರ್ಕ್’ ಎಂಬ ಉಪಕರಣ ಸರಪಳಿಯನ್ನು ಇಳಿಸಲಾಯಿತು. ಗೋವಾದ ಕೇಂದ್ರ ಹಾಗೂ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗಳು ಜಂಟಿಯಾಗಿ ಕೈಗೊಂಡ ಕಾರ್ಯವಿದು. ಅಟ್ಲಾಂಟಿಕ್‌ನ ಬೆಚ್ಚಗಿನ ಉಪ್ಪುನೀರು ಹಾಗೂ ಹಿಮನದಿಗಳಿಂದ ಕರಗಿ ಬಂದ ಸಪ್ಪೆ ನೀರು ಕೂಡುವ ಸ್ಥಳವಾದ್ದರಿಂದ ಪದರಗಳ ಅಭ್ಯಾಸಕ್ಕೆ ಆ ಕೊಲ್ಲಿ ಅನುಕೂಲ. ಸರಪಳಿಯ ಉಪಕರಣಗಳು ಬೇರೆ ಬೇರೆ ಆಳಗಳಲ್ಲಿ ಉಷ್ಣತೆ, ಲವಣಾಂಶ ಮತ್ತು ಪ್ರವಾಹವನ್ನು ದಾಖಲಿಸುತ್ತವೆ. ನೀರಿನೊಳಗಿನ ಮೈಕ್ರೋಫೋನ್ ಆದ ಹೈಡ್ರೋಫೋನ್ ಇಟ್ಟು ಕೊಲ್ಲಿಯ ಸದ್ದುಗಳನ್ನೂ ಚೆನ್ನೈನ ವಿಜ್ಞಾನಿಗಳು ಅಭ್ಯಸಿಸಿದ್ದಾರೆ. ಕರಗುವ ಮಂಜಿನಿಂದ ಹೊರಬೀಳುವ ಗಾಳಿಗುಳ್ಳೆಗಳ ಸದ್ದೂ ಅಲ್ಲಿ ಒಂದು ದಾಖಲೆಯೇ.

ಉಪಸಂಹಾರ

ಈ ಅಳತೆಗಳಿಂದ ನಾಳೆಯ ಮಳೆಯನ್ನು ಹೇಳಲು ಬಾರದು. ಅವು ತಿಳಿಸುವುದು ಇಷ್ಟು: ದೂರದ ಸಮುದ್ರದ ಖಾತೆಯಲ್ಲಿ ಶಾಖದ ಶಿಲ್ಕು ಬದಲಾಗುತ್ತಿದೆ. ಆದ್ದರಿಂದ ಕಳೆದ ಮೂವತ್ತು ವರ್ಷಗಳ ಸರಾಸರಿಯನ್ನೇ ನಂಬಿ ಮುಂದಿನ ಹಂಗಾಮಿನ ಖರೀದಿಯನ್ನು ನಿರ್ಧರಿಸುವುದು ಕ್ಷೇಮಕರವಲ್ಲ. ಮುಂಗಾರಿನ ಉತ್ತರಾರ್ಧದ ಮುನ್ಸೂಚನೆಯನ್ನು ಭಾರತೀಯ ಹವಾಮಾನ ಇಲಾಖೆ ಜುಲೈ ಕೊನೆಯ ಹೊತ್ತಿಗೂ, ಸೆಪ್ಟೆಂಬರ್‌ನ ಮುನ್ಸೂಚನೆಯನ್ನು ಆಗಸ್ಟ್ ಕೊನೆಗೂ ಪ್ರಕಟಿಸುತ್ತದೆ. ಮುಂಗಡ ಕೊಡುವ ಮುನ್ನ ಅದನ್ನು ಓದುವುದು, ಕಾಳು ಒಣಗಿಸಲು ಮುಚ್ಚಿದ ಸ್ಥಳವನ್ನು ಸಿದ್ಧವಾಗಿಡುವುದು, ದಾಸ್ತಾನಿನ ವಿಮೆ ಮಳೆನೀರಿನ ಹಾನಿಯನ್ನು ಒಳಗೊಂಡಿದೆಯೇ ಎಂದು ಪಾಲಿಸಿ ತೆಗೆದು ನೋಡುವುದು ಪ್ರತಿಯೊಬ್ಬ ವರ್ತಕನ ಕೈಯಲ್ಲಿರುವ ಕೆಲಸ. ಕಾಣದ ದಾಸ್ತಾನನ್ನೂ ಲೆಕ್ಕಕ್ಕೆ ಹಿಡಿಯುವವನೇ ಜಾಣ ವ್ಯಾಪಾರಿ.