ಜೋತುಬೀಳುವ ಚೆರಿಯಲ್ಲಿ ನೆಟ್ಟಗೆ ನಿಂತ ಕೊಂಬೆ ಯಾರದು?

ಮಕ್ಕಳೇ, ಜಪಾನಿನ ಫುಕುಶಿಮಾ ಪ್ರಾಂತ್ಯದ ಮಿಹಾರು ಎಂಬ ಊರಲ್ಲಿ ಒಂದು ಚೆರಿ ಮರ ಇದೆ. ವಯಸ್ಸು ಸಾವಿರ ವರ್ಷ ದಾಟಿದೆ ಅಂತಾರೆ. ಏಪ್ರಿಲ್‌ನಲ್ಲಿ ಹೂಬಿಟ್ಟಾಗ ಅದರ ಕೊಂಬೆಗಳು ಗುಲಾಬಿ ಬಣ್ಣದ ನೀರು ಸುರಿದ ಹಾಗೆ ನೆಲದ ಕಡೆ ಇಳಿಬಿದ್ದಿರುತ್ತವೆ. ಅದಕ್ಕೇ ಹೆಸರು ‘ತಾಕಿಜಕುರಾ’, ಅಂದರೆ ಜಲಪಾತದ ಚೆರಿ. 1922ರಲ್ಲಿ ಅದನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿದರು.

ಕೊಂಬೆ ಯಾಕೆ ಜೋತುಬೀಳುತ್ತೆ? ಚಿಗುರು ಉದ್ದವಾಗುತ್ತೆ, ಆದರೆ ತನ್ನ ಭಾರ ಹೊರುವಷ್ಟು ಗಟ್ಟಿಯಾಗಲ್ಲ. ಜಪಾನಿನ ವಿಜ್ಞಾನಿಗಳು ಇಂಥ ಚಿಗುರಿಗೆ ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು ಕೊಟ್ಟು ನೋಡಿದರು. ಚಿಗುರು ಮೇಲಕ್ಕೆ ಬೆಳೆಯಿತು!

ಚೆರಿಯನ್ನು ಗುರುತಿಸುವುದು ಕಷ್ಟವಲ್ಲ. ತೊಗಟೆಯ ಮೇಲೆ ಅಡ್ಡಡ್ಡ ಗೆರೆಗಳು. ಎಲೆಯ ಅಂಚು ಗರಗಸದ ಹಲ್ಲು. ಎಲೆ ತೊಟ್ಟಿಗೆ ಸೇರುವಲ್ಲಿ ಸಾಸಿವೆಗಿಂತ ಸಣ್ಣ ಗ್ರಂಥಿಗಳು, ಸಾಮಾನ್ಯವಾಗಿ ಎರಡು. ಒಂದೇ ಮೊಗ್ಗಿನಿಂದ ಗೊಂಚಲಾಗಿ ಹೂ.

ನಿಜವಾದ ಪರೀಕ್ಷೆ ಇರುವುದು ಬೇರೆ ಕಡೆ. ಜೋತುಬೀಳುವ ಚೆರಿಯ ಬೀಜ ಬಿತ್ತಿದರೆ ಸಸಿಯೂ ಜೋತುಬೀಳುತ್ತದೆಂಬ ಖಾತ್ರಿ ಇಲ್ಲ. ಆದ್ದರಿಂದ ಕಸಿ ಮಾಡುತ್ತಾರೆ. ಅಮೆರಿಕ, ಇಂಗ್ಲೆಂಡಿನ ನರ್ಸರಿಗಳಲ್ಲಿ ನೆಟ್ಟಗೆ ಬೆಳೆಯುವ ಬೇರೊಂದು ಚೆರಿಯ ಕಾಂಡದ ಮೇಲೆ, ನಾಲ್ಕೈದು ಅಡಿ ಎತ್ತರದಲ್ಲಿ, ಕಸಿ ಕಟ್ಟುವುದುಂಟು. ಅಲ್ಲಿ ಒಂದು ಗಂಟು ಉಳಿಯುತ್ತದೆ. ಗಂಟಿನ ಕೆಳಗಿಂದ ಹೊರಟ ಚಿಗುರು ಬುಡದ ಗಿಡದ್ದು. ಅದು ಬಾಗುವುದಿಲ್ಲ, ಎಲೆ ದೊಡ್ಡದು, ಜೋರಾಗಿ ಬೆಳೆಯುತ್ತೆ. ಮನೆಯವರು “ಗಿಡ ಚೆನ್ನಾಗಿ ಚಿಗುರಿದೆ” ಅಂತ ಖುಷಿಪಡುತ್ತಾರೆ! ಕೆಲವು ವರ್ಷಗಳಲ್ಲಿ ಅರ್ಧ ಮರ ನೆಟ್ಟಗೆ, ಅರ್ಧ ಜೋತು. ಹಾಗೇ ಬಿಟ್ಟರೆ ಮೇಲಿನದು ನೀರು, ಬೆಳಕು ಸಾಲದೆ ಸೊರಗುತ್ತದೆ. ಆದ್ದರಿಂದ ಗಂಟಿನ ಕೆಳಗಿನ ಚಿಗುರನ್ನು ಕಂಡ ಕೂಡಲೇ ತೆಗೀಬೇಕು. ಎಳೆಯದಾಗಿದ್ದರೆ ಹೆಬ್ಬೆರಳು ಸಾಕು. ಗಂಟಿನ ಮೇಲಿನ ಚಿಗುರು ಮಾತ್ರ ಮೊದಲು ತುಸು ಮೇಲಕ್ಕೆ ಹೋಗಿ ಆಮೇಲೆ ಬಾಗಬಹುದು. ಅದಕ್ಕೆ ಕತ್ತರಿ ಹಾಕಬೇಡಿ.

ಸೊಲ್ಲಾಪುರ, ಜತ್ತ ಕಡೆಯ ಮಕ್ಕಳು ದ್ರಾಕ್ಷಿಯ ಚಾಟನಿ ನೋಡಿರುತ್ತೀರಿ. ಅಲ್ಲಿ ಧಾರಾಳವಾಗಿ ಕತ್ತರಿಸಿದರೇ ಫಸಲು. ಚೆರಿಯ ಲೆಕ್ಕ ತಿರುಗುಮುರುಗು. ಚೆರಿಯನ್ನು ಕಡಿಯುವವನು ದಡ್ಡ, ಉಮೆ ಮರವನ್ನು ಕಡಿಯದವನೂ ದಡ್ಡ ಎಂಬ ಅರ್ಥದ ಗಾದೆ ಜಪಾನಿನಲ್ಲಿದೆ. ಚೆರಿಯ ಗಾಯ ಬೇಗ ಮುಚ್ಚುವುದಿಲ್ಲ, ಶಿಲೀಂಧ್ರ ಒಳಹೊಕ್ಕು ಮರ ಕೊಳೆಯುತ್ತದೆ. ಹಾಗಾಗಿ ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ನೆಲಕ್ಕೆ ತಾಗುವುದು ಇಷ್ಟನ್ನೇ ಸವರಬೇಕು, ಅದೂ ಹೂ ಮುಗಿದ ಮೇಲೆ, ಒಣ ಹವೆಯಲ್ಲಿ. ಮುಂದಿನ ವರ್ಷದ ಮೊಗ್ಗು ಬೇಸಿಗೆಯಲ್ಲೇ ಕಟ್ಟುತ್ತದೆ. ತಡಮಾಡಿದರೆ ಹೂವನ್ನೇ ಕತ್ತರಿಸಿದ ಹಾಗೆ. ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯಂಥ ಭಾಗ ಇರುತ್ತಲ್ಲ, ಅದನ್ನು ಉಳಿಸಿ, ಅದರ ಹೊರಗೇ ಕತ್ತರಿಸಬೇಕು. ಗಾಯ ಮುಚ್ಚುವ ಅಂಗಾಂಶ ಬೆಳೆಯುವುದು ಅಲ್ಲಿಂದಲೇ.

ಚಟುವಟಿಕೆ: ಮನೆಯ ಕಸಿ ಮಾವು ಅಥವಾ ಕಸಿ ಗುಲಾಬಿಯಲ್ಲಿ ಗಂಟು ಹುಡುಕಿ. ಕೆಳಗಿನ ಚಿಗುರೆಷ್ಟು, ಮೇಲಿನದೆಷ್ಟು? ಎರಡರಿಂದಲೂ ಒಂದೊಂದು ಎಲೆ ತಂದು ಪಕ್ಕಪಕ್ಕ ಅಂಟಿಸಿ, ವ್ಯತ್ಯಾಸ ಬರೆಯಿರಿ.