ಮರಿ ಹಾಕುವ ಕುರಿಗಳ ಮೈಕಟ್ಟೂ ಮೇವಿನ ಕ್ರಮವೂ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳಲ್ಲಿ ಕುರಿಯು ಒಕ್ಕಲುತನದ ಒಂದು ಅಂಗವಾಗಿದೆ. ಹೊಲಕ್ಕೆ ಗೊಬ್ಬರವೂ, ಮನೆಗೆ ರೊಕ್ಕವೂ, ಮೆಡ್ಲೇರಿಯ ಕಂಬಳಿಗೆ ಉಣ್ಣೆಯೂ ಇದರಿಂದ ದೊರೆಯುವುವು. ಆದರೆ ಹಿಂಡಿನ ಲಾಭವನ್ನು ಕುರಿಗಳ ತಲೆ ಎಣಿಸಿ ತಿಳಿಯಲಾಗದು. ಬದುಕಿ ಬೆಳೆದ ಮರಿಗಳನ್ನು ಎಣಿಸಿ ತಿಳಿಯಬೇಕು. ಮರಿಯ ಬಲವು ತಾಯಿಯ ಮೈಕಟ್ಟಿನಲ್ಲಿದೆ.

ಪರೀಕ್ಷಿಸುವ ಬಗೆ: ಉಣ್ಣೆಯು ಬಡಕಲು ಮೈಯನ್ನು ಮರೆಮಾಡುವುದರಿಂದ ಕಣ್ಣಿನ ಅಂದಾಜನ್ನು ನಂಬಬಾರದು. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನೆಲುಬಿನ ಮೇಲೆ ಕೈಯಿಟ್ಟು ಒತ್ತಿ ನೋಡತಕ್ಕದ್ದು. ಎಲುಬುಗಳು ಗರಗಸದ ಹಲ್ಲಿನಂತೆ ಚುಚ್ಚಿದರೆ ಕುರಿ ಬಡವಾಗಿದೆ. ಒತ್ತಿದಾಗ ಮಾತ್ರ ದುಂಡಾಗಿ ತಾಕಿದರೆ ಯೋಗ್ಯವಾಗಿದೆ. ಒತ್ತಿದರೂ ತಾಕದಿದ್ದರೆ ಕೊಬ್ಬು ಹೆಚ್ಚಾಗಿದೆ. ಅತಿ ಕೊಬ್ಬಿದ ಕುರಿಯೂ ಗಬ್ಬ ಕಟ್ಟುವುದರಲ್ಲಿ ಹಿಂದೆ ಬೀಳುವುದು.

ಮೇವಿನ ಕಾಲ: ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಮುಂಗಾರಿನ ಆರಂಭದಲ್ಲಿ ಟಗರು ಬಿಟ್ಟರೆ ಮರಿಗಳು ನವೆಂಬರ್ ವೇಳೆಗೆ ಹುಟ್ಟುವುವು. ಟಗರು ಬಿಡುವ ಮುಂಚಿನ ವಾರಗಳೇ ಬೇಸಿಗೆಯಲ್ಲಿ ಹುಲ್ಲು ಒಣಗಿದ ದಿನಗಳಾಗಿರುವುದು ಇಲ್ಲಿಯ ತೊಡಕು. ಆದಕಾರಣ ಬಡವಾದ ಕುರಿಗಳನ್ನು ಬೇರೆ ಮಾಡಿ, ಟಗರು ಬಿಡುವುದಕ್ಕೆ ಎರಡು ಮೂರು ವಾರ ಮೊದಲಿನಿಂದ, ಒಡೆದ ಜೋಳ ಅಥವಾ ಗೋವಿನಜೋಳವನ್ನು ದಿನಕ್ಕೆ 200ರಿಂದ 250 ಗ್ರಾಂ ಕೊಡಬೇಕು. ಮೊದಲ ದಿನ 50 ಗ್ರಾಂ ಕೊಟ್ಟು, ಒಂದು ವಾರದಲ್ಲಿ ಕ್ರಮೇಣ ಹೆಚ್ಚಿಸತಕ್ಕದ್ದು.

ಗರ್ಭದ ಮರಿಯು ತನ್ನ ತೂಕದ ಬಹುಭಾಗವನ್ನು ಕೊನೆಯ ಆರು ವಾರಗಳಲ್ಲಿ ಪಡೆಯುತ್ತದೆ. ಆಗ ಹೊಟ್ಟೆಯೊಳಗೆ ಮೇವಿಗೆ ಸ್ಥಳ ಕಡಿಮೆಯಾಗುವುದರಿಂದ ಒಣ ಕಣಿಕೆಯೊಂದೇ ಸಾಲದು. ಶೇಂಗಾ ಹೊಟ್ಟು, ತೊಗರಿ ಹೊಟ್ಟುಗಳೊಡನೆ ಹಿಂಡಿ ಬೆರೆಸಿದ ಧಾನ್ಯವನ್ನು ದಿನಕ್ಕೆ 250 ಗ್ರಾಂ ಕೊಡುವುದು ಉತ್ತಮ. ಆರು ವಾರಗಳಿಗೆ ಕುರಿಯೊಂದಕ್ಕೆ ತಗಲುವುದು ಹತ್ತೂವರೆ ಕಿಲೋ ಮಾತ್ರ. ಈದ ನಂತರವೂ ಹಾಲು ಬತ್ತದಂತೆ ಇದನ್ನು ಎರಡು ತಿಂಗಳು ಮುಂದುವರಿಸಬೇಕು. ತುಂಬುಗಬ್ಬದ ಕುರಿ ಹಿಂಡಿನಿಂದ ಹಿಂದುಳಿದು, ಮೇವು ಬಿಟ್ಟು ತೂರಾಡಿದರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಬೇಕು.

ಎಚ್ಚರಿಕೆ: ಗೋವಿನಜೋಳದ ಕೊಯ್ಲೂ ತುಂಬುಗಬ್ಬವೂ ಬಹುಶಃ ಒಂದೇ ಕಾಲಕ್ಕೆ ಬರುವುವು. ಹಸಿದ ಹಿಂಡು ಉದುರಿದ ತೆನೆಗಳಿಗೆ ಮುಗಿಬಿದ್ದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಕುರಿಗಳು ಉಬ್ಬಿ, ನೆಲ ಹಿಡಿದು ಸಾಯುವುವು. ಗಬ್ಬದ ಕುರಿ ಸತ್ತರೆ ಎರಡು ಜೀವಗಳ ನಷ್ಟ. ಆದ್ದರಿಂದ ಹೊಲದ ಒಡೆಯರು ತೆನೆಗಳನ್ನು ಆಯಿಸಿದ ಮೇಲೆಯೇ ಹಿಂಡನ್ನು ಬಿಡಿಸಬೇಕು. ಕುರಿಗಾರರು ಮೊದಲು ಒಣಮೇವು ತಿನ್ನಿಸಿ, ಮೊದಲ ದಿನ ಸ್ವಲ್ಪ ಹೊತ್ತು ಮಾತ್ರ ಮೇಯಿಸತಕ್ಕದ್ದು. ಹತ್ತಿ, ಮೆಣಸಿನಕಾಯಿ ಹೊಲಕ್ಕೆ ಔಷಧ ಸಿಂಪಡಿಸಿದ್ದರೆ ಕುರಿಗಾರರಿಗೆ ಮುಂಚಿತವಾಗಿ ಹೇಳುವುದು ಒಡೆಯರ ಕರ್ತವ್ಯ. ಕರುಳುಬೇನೆಯ ಲಸಿಕೆಯನ್ನು ಮಳೆಗಾಲಕ್ಕೆ ಮೊದಲೇ ಹಾಕಿಸಬೇಕು.

ಊರ ಹಿರಿಯರಲ್ಲಿ ವಿನಂತಿ: ಸುಗ್ಗಿಯಲ್ಲಿ ಹೊಟ್ಟನ್ನು ಸುಡಗೊಡದೆ, ಗಬ್ಬದ ಕುರಿಗಳಿಗೆಂದು ಪ್ರತ್ಯೇಕ ಬಣವೆ ಒಟ್ಟಿಸಿರಿ. ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಪಡೆಯುವ ಒಕ್ಕಲಿಗನಿಗೂ ಹಿಂಡು ಕಾಯುವವನಿಗೂ ಇದರಿಂದ ಸಮನಾಗಿ ಹಿತವಾಗುವುದು.